ನಾನು ಬಿಟ್ಟ ಪುಟ

ಆ ಪುಟವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಝೆರಾಕ್ಸ್ ಅಂಗಡಿಯ ಹುಡುಗನಿಗೆ ಪುಟಗಳ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುವಾಗ ಇಂಥಲ್ಲಿಂದ ಇಂಥಲ್ಲಿಗೆ, ಆಮೇಲೆ ಮತ್ತೆ ಇಂಥಲ್ಲಿಂದ ಇಂಥಲ್ಲಿಗೆ ಎಂದು ಬರೆದೆ. ನಡುವೆ ಒಂದು ಪುಟ ಹೊರಗುಳಿಯಿತು. ದ್ವಿತೀಯ ಪಿಯುಸಿಯ ಮಕ್ಕಳ ಕೈಗೆ ಹೋದ ಪ್ರತಿಗಳಲ್ಲಿ ಅದು ಇರಲಿಲ್ಲ. ಪಾಠ ಚೆನ್ನಾಗಿ ನಡೆಯಿತು. ಆವತ್ತು ಮನೆಗೆ ಹೋಗುವಾಗ ಸಮಾಧಾನವೂ ಇತ್ತು.

ಪುಸ್ತಕ ರಾಬರ್ಟ್ ಸೀವೆಲ್ ಎಂಬ ಮದ್ರಾಸ್ ಪ್ರಾಂತ್ಯದ ಅಧಿಕಾರಿ ಬರೆದದ್ದು, ‘ಎ ಫರ್ಗಾಟನ್ ಎಂಪೈರ್’. 1900ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಕೊನೆಯ ಭಾಗದಲ್ಲಿ ಇಬ್ಬರು ಪೋರ್ಚುಗೀಸರ ಬರಹಗಳ ಇಂಗ್ಲಿಷ್ ಅನುವಾದವಿದೆ. ಡೊಮಿಂಗೊ ಪಾಯಸ್ 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ವಿಜಯನಗರವನ್ನು ಕಣ್ಣಾರೆ ಕಂಡವನು. ಫೆರ್ನಾವೊ ನ್ಯೂನಿಜ್ ಅವನಿಗಿಂತ ಹದಿನೈದು ವರ್ಷ ಆಚೆ, ಅಚ್ಯುತರಾಯನ ಕಾಲಕ್ಕೆ ಬಂದವನು. ಇಬ್ಬರ ಬರಹವೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೈಬರಹದ ಪ್ರತಿಯಾಗಿ ಉಳಿದಿತ್ತು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸ 1897ರಲ್ಲಿ ಅದನ್ನು ಪೋರ್ಚುಗೀಸಿನಲ್ಲೇ ಅಚ್ಚು ಹಾಕಿಸಿದ; ಮೂರು ವರ್ಷದಲ್ಲಿ ಸೀವೆಲ್ ಇಂಗ್ಲಿಷಿಗೆ ತಂದ. ಸೀವೆಲ್ ತೀರಿಕೊಂಡದ್ದು 1925ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕ ಸತ್ತು 60 ವರ್ಷ ಕಳೆದರೆ ಅವನ ಪುಸ್ತಕ ಊರ ಬಾವಿಯ ನೀರಿದ್ದ ಹಾಗೆ, ಯಾರು ಬೇಕಾದರೂ ಸೇದಿಕೊಳ್ಳಬಹುದು. ಈಗ ಅದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಒಂದು ಕಾಸೂ ಇಲ್ಲದೆ ಸಿಗುತ್ತದೆ.

ಅದನ್ನು ತರಗತಿಗೆ ತರಬೇಕು ಅನ್ನಿಸಿದ್ದಕ್ಕೆ ಕಾರಣವಿತ್ತು. ನಾನಿದ್ದ ತಾಲ್ಲೂಕು ಹಂಪಿಗೆ ದೂರವಲ್ಲ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ವಿರೂಪಾಕ್ಷನ ತೇರಿಗೆ ಹೋಗಿ ಬಂದವರು. ಆದರೂ ಪರೀಕ್ಷೆಯಲ್ಲಿ ‘ಮುತ್ತು ರತ್ನಗಳನ್ನು ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರುತ್ತಿದ್ದರು’ ಎಂದು ಎಲ್ಲರೂ ಒಂದೇ ವಾಕ್ಯ ಬರೆಯುತ್ತಿದ್ದರು. ಯಾರು ಕಂಡರು, ಯಾರು ಹೇಳಿದರು ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಕೇಳುವ ಅಭ್ಯಾಸವನ್ನು ನಾವು ಮಾಡಿಸಿರಲೂ ಇಲ್ಲ. ಚಿಕ್ಕ ಮಕ್ಕಳಿಗೆ ಕಥೆ ಸಾಕು, ಕಥೆಯೇ ಬೇಕು. ಹದಿನಾರು ದಾಟಿದವರಿಗೆ ಸಾಕ್ಷಿ ಬೇಕು. ಇನ್ನೆರಡು ವರ್ಷಕ್ಕೆ ಮತ ಹಾಕುವವರು ಅವರು. ಪಂಚಾಯಿತಿ ಕಟ್ಟೆಯಲ್ಲೋ ನ್ಯಾಯಾಲಯದಲ್ಲೋ ನಾಳೆ ಒಬ್ಬರ ಮಾತಿಗೆ ಕಿವಿಗೊಡಬೇಕಾದವರು. ಸತ್ತವರ ಮಾತನ್ನು ನ್ಯಾಯವಾಗಿ ಕೇಳಲು ಕಲಿತರೆ ಬದುಕಿರುವವರ ಮಾತನ್ನೂ ಹಾಗೆ ಕೇಳಿಯಾರು ಎಂಬ ಆಸೆ ನನ್ನದು.

ಮೊದಲ ದಿನ ಕೊಟ್ಟ ಪುಟಗಳು ಮಕ್ಕಳನ್ನು ಹಿಡಿದು ಕೂರಿಸಿದವು. ಪಠ್ಯಪುಸ್ತಕದ ಚಿತ್ರದಲ್ಲಿ ಕುಲ್ಲಾವಿ ಧರಿಸಿ ನಿಂತ ರಾಯ ಅಲ್ಲಿ ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ, ಮೈಗೆಲ್ಲ ಎಣ್ಣೆ ಹಚ್ಚಿಕೊಳ್ಳುತ್ತಾನೆ, ಸಣ್ಣ ಬಟ್ಟೆ ಸುತ್ತಿಕೊಂಡು ಮಣ್ಣಿನ ಭಾರದ ಗುಂಡುಗಳನ್ನು ಎತ್ತುತ್ತಾನೆ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸಿ, ಪೈಲ್ವಾನನ ಜೊತೆ ಕುಸ್ತಿ ಹಿಡಿದು, ಆಮೇಲೆ ಕುದುರೆ ಏರುತ್ತಾನೆ. ನಮ್ಮೂರ ಗರಡಿಮನೆಗೆ ಹೋಗುವ ಹುಡುಗರಿಗೆ ಇದಕ್ಕಿಂತ ಹತ್ತಿರದ ಅರಸ ಸಿಕ್ಕಾನೆಯೇ! ಪಾಯಸ್ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಅರಸನದು ನಡುವಿನ ಎತ್ತರ, ಸಣಕಲಲ್ಲ, ತುಸು ಸ್ಥೂಲವೇ, ಮುಖದ ಮೇಲೆ ಸಿಡುಬಿನ ಕಲೆಗಳಿವೆ ಎನ್ನುತ್ತಾನೆ. ನ್ಯಾಯವಂತ, ಹಸನ್ಮುಖಿ, ಆದರೆ ಇದ್ದಕ್ಕಿದ್ದಂತೆ ಸಿಟ್ಟು ಏರುವವನು ಎಂದೂ ಹೇಳುತ್ತಾನೆ. ಸಿಡುಬಿನ ಕಲೆಯ ಮಾತು ಬಂದಾಗ ತರಗತಿ ಗಪ್ಪಾಯಿತು. ಆ ಕಲೆಗಳನ್ನು ಅವರು ಯಾವ ಸಿನಿಮಾದಲ್ಲೂ ಯಾವ ಕ್ಯಾಲೆಂಡರಿನಲ್ಲೂ ಕಂಡಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, “ಹಂಗಾದ್ರ ಅವ್ರಿಗೂ ಅಮ್ಮ ಬಂದಿತ್ತಾ ಸರ್?” ಎಂದ. ಐನೂರು ವರ್ಷದ ದೂರ ಆ ಒಂದು ಪ್ರಶ್ನೆಯಲ್ಲಿ ಕರಗಿಹೋಯಿತು.

ಹೆಸರುಗಳನ್ನು ಬಿಡಿಸುವುದೂ ಒಂದು ಹಬ್ಬವಾಗಿತ್ತು. ಪರಭಾಷೆಯವರ ಕಿವಿಗೆ ಬಿದ್ದು, ಅವರ ಲಿಪಿಯಲ್ಲಿ ಸಿಕ್ಕು ಬಿದ್ದ ನಮ್ಮ ಹೆಸರುಗಳು. ‘ಬಿಸ್ನಗ’ ಎಂದರೆ ವಿಜಯನಗರ. ‘ಕ್ರಿಸ್ನರಾವ್’ ಯಾರೆಂದು ಹೇಳಬೇಕಾಗಲಿಲ್ಲ. ‘ತೆಮರ್ಸೆಯ’ ಎಂಬುದನ್ನು ನಾಲ್ಕು ಸಲ ಜೋರಾಗಿ ಓದಿಸಿದ ಮೇಲೆ ಮುಂದಿನ ಸಾಲಿನ ಹುಡುಗಿ “ತಿಮ್ಮರಸಯ್ಯ!” ಎಂದು ಕೂಗಿದಳು. ಕಣ್ಣಿನಿಂದ ಓದಿದಾಗ ಬಿಡದ ಗಂಟು ಕಿವಿಯಿಂದ ಬಿಟ್ಟುಕೊಂಡಿತ್ತು.

ಎರಡು ದಿನ ಕಳೆದು ಅದೇ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದಳು. ಅವಳ ತಾಯಿಯ ತವರು ಹೊಸಪೇಟೆ ಕಡೆಯದು. ಪುಸ್ತಕ ಪುಕ್ಕಟೆ ಸಿಗುತ್ತದೆ ಎಂದು ನಾನೇ ಹೇಳಿದ್ದೆನಲ್ಲ, ಅಣ್ಣನ ಫೋನಿನಲ್ಲಿ ಇಳಿಸಿಕೊಂಡು, ನಿಘಂಟು ಇಟ್ಟುಕೊಂಡು ಓದಿದ್ದಳು.

“ಸರ್, ಕೆರಿ ಕಟ್ಟಿಸಿದ್ದು ನೀವು ಕೊಟ್ಟ ಹಾಳ್ಯಾಗ ಇಲ್ಲರಿ. ಮರ್ತು ಬಿಟ್ಟೀರೇನು?”

ಸುಳ್ಳು ಹೇಳುವುದು ಸುಲಭವಿತ್ತು. ಝೆರಾಕ್ಸ್ ಅಂಗಡಿಯವನ ಮೇಲೆ ಹಾಕಬಹುದಿತ್ತು. ಏಕೋ ಆಗಲಿಲ್ಲ. “ಮರೆತಿಲ್ಲಮ್ಮ. ಬೇಕಂತಲೇ ಬಿಟ್ಟೆ” ಎಂದೆ. ಅವಳು ಮತ್ತೇನೂ ಕೇಳದೆ ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕೆ ಇವತ್ತಿಗೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಆ ಪುಟದಲ್ಲಿ ಇರುವುದಿಷ್ಟು. ಅರಸ ಎರಡು ಗುಡ್ಡಗಳ ನಡುವೆ ದೊಡ್ಡದೊಂದು ಕೆರೆ ಕಟ್ಟಿಸುತ್ತಿದ್ದಾನೆ. ಹದಿನೈದೋ ಇಪ್ಪತ್ತೋ ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದಾರೆ. ಕಾಲ ಕೆಳಗಿನ ನೆಲ ಕಾಣದಷ್ಟು ಜನ. ಇದನ್ನು ಪಾಯಸ್ ತಾನೇ ಕಂಡೆ ಎನ್ನುತ್ತಾನೆ. ಏರಿ ಎರಡು ಮೂರು ಸಲ ಒಡೆಯುತ್ತದೆ. ಏಕೆ ಹೀಗೆ ಎಂದು ಅರಸ ಬ್ರಾಹ್ಮಣರನ್ನು ಕೇಳುತ್ತಾನೆ. ದೇವರಿಗೆ ಬಲಿ ಬೇಕಂತೆ, ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕಂತೆ ಎಂಬ ಉತ್ತರ ಬರುತ್ತದೆ. ಗುಡಿಯ ಬಾಗಿಲಲ್ಲಿ ಅರವತ್ತು ಮಂದಿಯ ತಲೆ ಕಡಿಯಲು ಅಪ್ಪಣೆಯಾಗುತ್ತದೆ. ಕೂಡಲೇ ನಡೆದುಹೋಗುತ್ತದೆ.

ನಾನು ಅದನ್ನು ಬಿಟ್ಟದ್ದಕ್ಕೆ ಕಾರಣ ಹೇಳಬಲ್ಲೆ. ನಮ್ಮ ಸೀಮೆಯಲ್ಲಿ ಕೃಷ್ಣದೇವರಾಯ ಎಂದರೆ ಬರೀ ಅರಸನಲ್ಲ, ಮನೆಯ ಹಿರಿಯನ ಹಾಗೆ. ಮಕ್ಕಳ ಮನಸ್ಸಿಗೆ ನೋವಾದೀತು ಅಂದುಕೊಂಡೆ. ಯಾರ ಮನೆಯಿಂದಲಾದರೂ ತಕರಾರು ಬಂದೀತು ಎಂಬ ಅಂಜಿಕೆಯೂ ಇತ್ತು. ಆದರೆ ಎಳ್ಳೆಣ್ಣೆ ಕುಡಿದದ್ದಕ್ಕೆ ಪಾಯಸ್‌ನನ್ನು ನಂಬಿ, ಮುತ್ತುರತ್ನದ ಪೇಟೆಗೆ ನಂಬಿ, ಊರು ರೋಮ್ ನಗರದಷ್ಟು ದೊಡ್ಡದು ಎಂದದ್ದಕ್ಕೆ ಹಿಗ್ಗಿ, ತಲೆ ಕಡಿದ ಮಾತು ಬಂದ ಕೂಡಲೇ ಅವನ ಬಾಯಿ ಮುಚ್ಚಿಸಿದರೆ ನಾನು ಸಾಕ್ಷಿಯನ್ನು ಕೇಳಿದವನಲ್ಲ, ಹೊಗಳುಭಟನನ್ನು ಬಾಡಿಗೆಗೆ ಕರೆಸಿದವನು. ಹೊಗಳಿಕೆಗೆ ಮಾತ್ರ ಪರದೇಶಿಯ ಮಾತು ಪ್ರಮಾಣ, ತೆಗಳಿಕೆಗೆ ಅವನು ಅನ್ಯ ಎಂಬ ಲೆಕ್ಕ ನಮ್ಮ ಭಾಷಣಗಳಲ್ಲಿ ಎಷ್ಟು ಸಲ ನಡೆಯುತ್ತದೆ! ಅದನ್ನೇ ನಾನು ಒಂದು ಚೀಟಿಯ ಮೇಲೆ, ಪುಟದ ಅಂಕಿಗಳಲ್ಲಿ ಮಾಡಿದ್ದೆ.

ಮರುದಿನ ಆ ಪುಟವನ್ನೂ ಹಂಚಿದೆ. ಅದರ ಜೊತೆ ಅದೇ ಕೆರೆಯ ಬಗ್ಗೆ ನ್ಯೂನಿಜ್ ಬರೆದದ್ದನ್ನೂ ಕೊಟ್ಟೆ. ಅವನು ಬರೆಯುವ ಹೊತ್ತಿಗೆ ಕೃಷ್ಣದೇವರಾಯ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನು ಹೇಳುವುದು ಕೇಳಿದ ಮಾತು. ಹಗಲು ಮಾಡಿದ ಕೆಲಸ ರಾತ್ರಿ ಕುಸಿಯುತ್ತಿತ್ತು ಎನ್ನುತ್ತಾನೆ. ಕಲ್ಲುಕೆಲಸ ಬಲ್ಲ ಪೋರ್ಚುಗೀಸನೊಬ್ಬ ನೆರವಿಗೆ ಬಂದ ವಿವರ ಕೊಡುತ್ತಾನೆ. ಗಂಡಸರ, ಹೆಂಗಸರ, ಕೋಣಗಳ ರಕ್ತ ಬೇಕೆಂದು ತಿಳಿದವರು ಹೇಳಿದಾಗ ಅರಸ ಸೆರೆಯಲ್ಲಿದ್ದ, ಮರಣದಂಡನೆಗೆ ತಕ್ಕವರನ್ನು ತರಿಸಿ ತಲೆ ಹೊಡೆಸಿದ ಎನ್ನುತ್ತಾನೆ. ಆಮೇಲೆ ಕೆರೆಯ ನೀರು ಹರಿದ ನೆಲವನ್ನು ಸಾಗು ಮಾಡುವವರಿಗೆ ಒಂಬತ್ತು ವರ್ಷ ಕಂದಾಯ ಬಿಟ್ಟದ್ದನ್ನೂ, ತಾನು ಬರೆಯುವ ಹೊತ್ತಿಗೆ ಅದರಿಂದ 20,000 ಪರ್ದಾವ್ ನಾಣ್ಯದಷ್ಟು ಹುಟ್ಟುವಳಿ ಬರುತ್ತಿದ್ದುದನ್ನೂ ಬರೆಯುತ್ತಾನೆ.

ತರಗತಿ ಎರಡು ಪಕ್ಷವಾಯಿತು. ಸೆರೆಯಾಳುಗಳೆಂದ ಮೇಲೆ ಅಷ್ಟು ದೊಡ್ಡ ತಪ್ಪಲ್ಲ, ಹೇಗೂ ಸಾಯಬೇಕಾದವರು ಎಂದರು ಕೆಲವರು. ಪಾಯಸ್ ಸೆರೆಯಾಳು ಎಂದಿಲ್ಲವಲ್ಲ, ಅವನು ಆ ಕಾಲದವನಲ್ಲವೇ ಎಂದರು ಇನ್ನು ಕೆಲವರು. ಕೆಲಸಗಾರರನ್ನು ಕಂಡೆ ಎಂದವನು ತಲೆ ಕಡಿದದ್ದನ್ನು ಕಂಡೆ ಎಂದಿಲ್ಲ, ಗಮನಿಸಿ ಎಂದೆ ನಾನು. ಹದಿನೈದು ವರ್ಷದಲ್ಲಿ ಊರವರ ಬಾಯಲ್ಲಿ ಕಥೆ ಸುಧಾರಿಸಿ, ಬರೀ ಜನ ಹೋಗಿ ಅಪರಾಧಿಗಳಾದರೇ? ಅಥವಾ ಪಾಯಸ್‌ಗೆ ತಿಳಿಯದ ವಿವರ ನ್ಯೂನಿಜ್‌ಗೆ ಸಿಕ್ಕಿತೇ? ಇದಕ್ಕೆ ಕೀ ಉತ್ತರ ಇಲ್ಲ ಎಂದಾಗ ಮಕ್ಕಳಿಗೆ ಮೊದಲು ಕಸಿವಿಸಿಯಾಯಿತು. ಅಂಕ ಎಷ್ಟು ಎಂದು ಯಾರೂ ಕೇಳಲಿಲ್ಲ ಎಂಬುದನ್ನು ನಾನು ಆಮೇಲೆ ಗಮನಿಸಿದೆ.

ಅದೇ ಹುಡುಗಿ ಮೆಲ್ಲಗೆ, “ಕೆರೆಗೆ ಹಾರ ಇದ್ದಂಗೇ ಐತಲ್ರಿ” ಎಂದಳು.

ನನ್ನ ಮನಸ್ಸಿಗೆ ಅದು ಹೊಳೆದೇ ಇರಲಿಲ್ಲ. ಕಲ್ಲನಕೇರಿ ಮಲ್ಲನಗೌಡನ ಕೆರೆಯ ಹಾಡನ್ನು ಕೇಳದೆ ಬೆಳೆದ ಕನ್ನಡದ ಮಗು ಅಪರೂಪ. ಕಟ್ಟಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಟ್ಟರು, ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಬಿದ್ದ. ಅರಮನೆಯ ಕಾವ್ಯಗಳು ಕೆರೆ ಕಟ್ಟಿಸಿದವರನ್ನು ಕೊಂಡಾಡಿದವು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನ 1369ರ ಕೆರೆ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗ, ಆಗಬಾರದ ಆರು ದೋಷ, ಎರಡು ವರ್ಷ ದಿನವೂ ದುಡಿದ 1000 ಆಳು, 100 ಬಂಡಿ, ಎಲ್ಲವೂ ಕಲ್ಲಿನ ಮೇಲಿದೆ. ಆ ಸಾವಿರದಲ್ಲಿ ಒಬ್ಬರ ಹೆಸರೂ ಇಲ್ಲ. ಬಲಿಯಾದವಳಿಗೆ ಹೆಸರು ಕೊಟ್ಟದ್ದು, ಅವಳು ತವರಿಗೆ ಹೋಗಿ ಬಂದದ್ದನ್ನು, ಗೆಳತಿಯ ಮುಂದೆ ಹೇಳಿಕೊಂಡದ್ದನ್ನು ನೆನಪಿಟ್ಟದ್ದು ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಅಜ್ಜಿಯರು. ಪರದೇಶಿಯ ಪುಸ್ತಕ ಲೆಕ್ಕ ಇಟ್ಟಿತು, ಅರವತ್ತು ಎಂದಿತು. ಹಾಡು ಒಬ್ಬಳನ್ನು ಹೆಸರು ಹಿಡಿದು ಕರೆಯಿತು. ಹಾಡಿನ ಕೆರೆ ರಾಯನ ಕೆರೆಯೇ ಎಂದು ಹೇಳುವ ಹುಂಬತನ ನನಗೆ ಬೇಡ. ಆದರೆ ಹಾಗೆ ಕೊಡುವ ರೂಢಿಯ ನೆನಪು, ಆ ರೂಢಿಯ ಮೇಲಿನ ಸಂಕಟ ನಮ್ಮ ನೆಲದ್ದೇ ಎಂಬುದು ಆ ಹುಡುಗಿಗೆ ಕಂಡಿತು. ಹೊರಗಿನವನು ಕಟ್ಟಿ ಹೇಳಿದ್ದು ಎಂದು ತಳ್ಳಿಬಿಡುವ ದಾರಿಯನ್ನು ಅವಳು ತನಗೆ ತಾನೇ ಮುಚ್ಚಿಕೊಂಡಳು.

ಮರುವಾರ ಸೀವೆಲ್‌ನ ಮಾತನ್ನು ಓದಿದೆವು. ಹಳೆಯ ಪುಸ್ತಕದಲ್ಲಿ ಸಾಕ್ಷಿಯ ಮಾತು ಒಂದಾದರೆ, ಸಾಕ್ಷಿಯನ್ನು ಕರೆತಂದು ನಿಲ್ಲಿಸಿದವನ ಮಾತು ಇನ್ನೊಂದು. ದಕ್ಷಿಣಕ್ಕೆ ನುಗ್ಗಿದ ಮುಸ್ಲಿಮ್ ದಂಡುಗಳಿಗೆ ಅಡ್ಡ ನಿಂತ ಹಿಂದೂ ಕೋಟೆ ಎಂಬುದು ವಿಜಯನಗರಕ್ಕೆ ಸೀವೆಲ್ ತೊಡಿಸಿದ ಚೌಕಟ್ಟು. ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಅದು ನಮ್ಮ ಪಠ್ಯಗಳಲ್ಲಿ, ನಾಟಕಗಳಲ್ಲಿ, ಸಭೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಅದೇ ಪುಸ್ತಕದ ಹಿಂಭಾಗದಲ್ಲಿ ಪಾಯಸ್ ಊರಿನ ಬೀದಿಯಲ್ಲಿ ನಡೆದುಹೋಗುತ್ತಾ, ಕೊನೆಯಲ್ಲಿ ಮುಸ್ಲಿಮರ ಕೇರಿಯಿದೆ, ಅವರಲ್ಲಿ ಬಹಳ ಜನ ಇದೇ ನಾಡಿನವರು, ಅರಸನ ಸಂಬಳ ಉಣ್ಣುವವರು, ಅವನ ಕಾವಲಿಗೆ ಸೇರಿದವರು ಎಂದು ಹೇಳಿ ಮುಂದೆ ಸಾಗುತ್ತಾನೆ. ಮುನ್ನುಡಿ ಓದಿ ಪುಸ್ತಕ ಮಡಿಚಿದವನಿಗೆ ಆ ಕೇರಿ ಸಿಗುವುದೇ ಇಲ್ಲ. ತರಗತಿಯಲ್ಲಿದ್ದ ಮುಸ್ಲಿಮ್ ಹುಡುಗರಿಬ್ಬರು ಆ ಸಾಲನ್ನು ಎರಡೆರಡು ಸಲ ಓದಿಕೊಂಡದ್ದನ್ನು ನಾನು ಕಂಡೆ. ಏನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಆಲೂರು ವೆಂಕಟರಾಯರನ್ನೂ ಈ ಸಾಲಿಗೆ ಸೇರಿಸಬೇಕು. ಅವರು 1905ರಲ್ಲಿ ಹಂಪಿಯನ್ನು ನೋಡಿ, ಆ ನೋಟದ ಕಿಚ್ಚನ್ನು ಎದೆಯಲ್ಲಿಟ್ಟುಕೊಂಡು ದುಡಿದು, 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಐದು ಕಡೆ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನಾವು ಒಂದು ಎಂದು ಹೇಳಲು ಬರೆದ ಪುಸ್ತಕ ಅದು. ಅವರು ತೀರಿಕೊಂಡದ್ದು 1964ರ ಫೆಬ್ರುವರಿಯಲ್ಲಿ. ಅಲ್ಲಿಗೆ 2025ರ ಜನವರಿ 1ರಿಂದ ಅವರ ಬರಹವೂ ಎಲ್ಲರ ಸ್ವತ್ತು. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ, ಶನಿವಾರ ಮನೆಗೆ ಬರುವ ಮಕ್ಕಳೊಂದಿಗೆ ಅದನ್ನು ಓದಿದೆ. ಆಲೂರರದು ಸಾಕ್ಷಿಯ ಮಾತಲ್ಲ, ಪ್ರೀತಿಯ ಮಾತು. ಪ್ರೀತಿ ಇಲ್ಲದಿದ್ದರೆ ಈ ನಾಡು ಒಂದಾಗುತ್ತಿರಲಿಲ್ಲ ಎಂಬುದನ್ನು ನಾನು ಪೂರ್ಣ ನಂಬಿದ್ದೇನೆ. ಆದರೆ ಅಮ್ಮನ ಮೇಲಿನ ಪ್ರೀತಿಯಿಂದ ಹೇಳಿದ್ದನ್ನು ಪ್ರೀತಿಯೆಂದೇ ಕೇಳಬೇಕು. ಅದನ್ನು ಲೆಕ್ಕದ ಪುಸ್ತಕದ ಹಾಗೆ ಹಿಡಿದರೆ ಅಮ್ಮನಿಗೂ ಅನ್ಯಾಯ, ಲೆಕ್ಕಕ್ಕೂ ಅನ್ಯಾಯ.

ಎಲ್ಲ ಹಳೆಯ ಪುಸ್ತಕದ ಮುಂದೆಯೂ ಎಲ್ಲ ಮಕ್ಕಳೂ ಒಂದೇ ಸಮನಾಗಿ ಕೂತಿರುವುದಿಲ್ಲ. ಇದನ್ನು ನನಗೆ ಕಲಿಸಿದವನು ಇನ್ನೊಬ್ಬ ಹುಡುಗ. ತನ್ನ ಜನದ ಬಗ್ಗೆ ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಾ ಹೋದವನಿಗೆ ಎಡ್ಗರ್ ಥರ್ಸ್ಟನ್‌ನ ‘ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ ಸಿಕ್ಕಿತ್ತು. ಥರ್ಸ್ಟನ್ ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥ. ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ಹೊರತಂದ ಏಳು ಸಂಪುಟ ಅದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು, ಹಾಗಾಗಿ ನಮ್ಮ ಕೇರಿಗಳೂ ಅದರಲ್ಲಿವೆ. ಹಾಡು, ಹಬ್ಬ, ಮದುವೆಯ ಶಾಸ್ತ್ರ, ಬೇರೆಲ್ಲೂ ಉಳಿಯದ ಎಷ್ಟೋ ಸಂಗತಿ ಅಲ್ಲಿದೆ. ಅದರ ಜೊತೆಗೇ ಉಪಕರಣ ಹಿಡಿದು ಜನರ ತಲೆಯ ಉದ್ದಗಲ, ಮೂಗಿನ ಅಗಲ ಅಳೆದು ಕುಲದಿಂದ ಕುಲಕ್ಕೆ ಹೋಲಿಸಿದ ಪಟ್ಟಿಗಳೂ ಇವೆ. ಆ ಹುಡುಗ ಪುಟ ತೋರಿಸಿ, “ನಮ್ಮ ಮುತ್ತಜ್ಜನ ಮೂಗು ಅಳತಿ ಮಾಡ್ಯಾರ ಸರ್” ಎಂದ. ಧ್ವನಿ ಏರಿರಲಿಲ್ಲ. ಕಣ್ಣು ಮಾತ್ರ ಕೆಳಗಿದ್ದವು.

ಅರವತ್ತು ತಲೆಯ ಪುಟ ಓದಿದಾಗ ನಮ್ಮ ಅಭಿಮಾನಕ್ಕೆ ನೋವಾಗಿತ್ತು. ಇಲ್ಲಿ ಆದದ್ದು ಬೇರೆ ನೋವು. ಮೊದಲನೆಯದು ನಾವು ಎತ್ತರಕ್ಕೆ ಏರಿಸಿಟ್ಟದ್ದು ತುಸು ಕೆಳಗಿಳಿದ ನೋವು. ಅದನ್ನು ತಾಳಿಕೊಳ್ಳುವುದು ನಮಗೆ ಒಳ್ಳೆಯದೇ. ಎರಡನೆಯದು ಬದುಕಿರುವ ಒಬ್ಬ ಹುಡುಗನನ್ನು ಮಾಪನದ ವಸ್ತುವಾಗಿ ನಿಲ್ಲಿಸುವುದು. ಎರಡನ್ನೂ ‘ಭಾವನೆಗೆ ಧಕ್ಕೆ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುವವರು ಇದ್ದಾರೆ. ನನಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಪುಟವನ್ನು ಬಿಡುವ ತಪ್ಪನ್ನು ಮತ್ತೆ ಮಾಡಲಿಲ್ಲ. ಆದರೆ ಅದನ್ನು ಇಡೀ ತರಗತಿಗೆ ಹಂಚಲೂ ಇಲ್ಲ. ಅವನ ಪಕ್ಕದಲ್ಲಿ ಕೂತು ಓದಿದೆ. ಅಳೆಯುತ್ತಿದ್ದವರ ಕಾಲದಲ್ಲಿ ಯುರೋಪಿನಲ್ಲಿ ಆ ಹುಚ್ಚು ಹೇಗೆ ವಿಜ್ಞಾನದ ಹೆಸರಿನಲ್ಲಿ ನಡೆಯಿತು, ಜನಗಳನ್ನು ಮೇಲು ಕೀಳು ಎಂದು ವಿಂಗಡಿಸಿ ಆಳುವವರಿಗೆ ಅದರಿಂದ ಏನು ಅನುಕೂಲವಿತ್ತು, ಆಮೇಲೆ ವಿಜ್ಞಾನವೇ ಅದನ್ನು ಹೇಗೆ ಕೈಬಿಟ್ಟಿತು ಎಂದು ಹೇಳಿದೆ. ಅವನು ಕೇಳಿದ್ದು ಒಂದೇ: ಅಳೆಸಿಕೊಳ್ಳುವಾಗ ಅಜ್ಜ ಬೇಡ ಅನ್ನಬಹುದಿತ್ತೇ? ಆ ಪ್ರಶ್ನೆಗೆ ಏಳು ಸಂಪುಟದಲ್ಲೂ ಅಜ್ಜನ ಮಾತಿಲ್ಲ. ಪುಸ್ತಕ ಪುಕ್ಕಟೆಯಾಗಿ ಮಗುವಿನ ಕೈಗೆ ಬಂದಿತೆಂದು ಮೇಷ್ಟ್ರ ಕೆಲಸ ಮುಗಿಯುವುದಿಲ್ಲ ಎಂದು ನನಗೆ ನಾಟಿದ್ದು ಅಂದು. ಪಕ್ಕದಲ್ಲಿ ಕೂರುವವರೊಬ್ಬರು ಬೇಕು.

ಆಳುವವರ ಕುತೂಹಲದಿಂದ ಹುಟ್ಟಿದ ಪುಸ್ತಕವೆಲ್ಲ ಹೀಗೇ ಎನ್ನುವಂತಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ತಮ್ಮ ಪಾಲಿಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿದ. ಉದ್ದೇಶ ಕಂಪನಿಯ ಲಾಭ, ಅದರಲ್ಲಿ ಮುಚ್ಚುಮರೆ ಇಲ್ಲ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ರಾಗಿ ಹೊಲದ ಉಳುಮೆ, ಬೆಂಗಳೂರಿನ ನೇಕಾರರು, ಮತ್ತೋಡಿನ ಗಾಜಿನ ಬಳೆ, ವಾದ್ಯಗಳ ತಂತಿಗೆಂದು ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ಸರಿಗೆ, ಕರಾವಳಿಯಲ್ಲಿ ಜೀತದವರಿಗೆ ಅಳೆದು ಕೊಡುತ್ತಿದ್ದ ಅಕ್ಕಿ, ಎಲ್ಲವೂ ಇದೆ. ನಮ್ಮ ಅರಸರ ಶಾಸನಗಳು ಇಂಥವರ ಅಡುಗೆಮನೆಗೆ ಇಣುಕಿದ್ದು ಕಡಿಮೆ. ಕಂಪನಿಯ ಲಾಭಕ್ಕೆ ಬರೆದದ್ದೇ ಇವತ್ತು ಆ ಬಳೆಗಾರರ ನೆನಪಿಗೆ ಆಸರೆಯಾಗಿದೆ. ಇದನ್ನು ಒಪ್ಪಿಕೊಳ್ಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಆದರೂ ಒಪ್ಪಿಕೊಳ್ಳಬೇಕು.

ಪುಕ್ಕಟೆ ಎಂಬ ಮಾತು ಬಂತಲ್ಲ, ಅದರ ಬಗ್ಗೆ ನನ್ನೊಳಗೊಂದು ತಳಮಳವಿದೆ. ಹಿಂದೆ ಇಂಥ ಪುಸ್ತಕ ಓದಬೇಕೆಂದರೆ ಮೈಸೂರಿಗೋ ಮದ್ರಾಸಿಗೋ ಹೋಗಬೇಕಿತ್ತು, ಪರಿಚಯದ ಪತ್ರ ಬೇಕಿತ್ತು, ಗ್ರಂಥಪಾಲಕರ ಮರ್ಜಿ ಬೇಕಿತ್ತು. ಅಷ್ಟು ದೂರ ಹೋದವನು ಇಡೀ ಪುಸ್ತಕ ಓದದೆ ಬರುತ್ತಿರಲಿಲ್ಲ. ಈಗ ಒಂದು ಪದ ಹಾಕಿ ಹುಡುಕಿದರೆ ಬೇಕಾದ ಸಾಲೊಂದೇ ಎದ್ದು ಬರುತ್ತದೆ. ಅದರ ಫೋಟೊ ತೆಗೆದು, ಮೇಲೆ ಕೆಂಪು ಗೆರೆ ಎಳೆದು, ಸಂಜೆಯೊಳಗೆ ಸಾವಿರ ಫೋನಿಗೆ ಕಳಿಸಬಹುದು. ಅದೇ ಪುಟದ ಮೇಲಿನ ಸಾಲೂ ಕೆಳಗಿನ ಸಾಲೂ ಯಾರಿಗೂ ಕಾಣುವುದಿಲ್ಲ. ಹಾಗೆ ಕಳಿಸುವವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೆಂಪು ಗೆರೆ ಎಳೆಯುವವನು ಒಂದು ಸಾಲು ಹೆಕ್ಕುತ್ತಾನೆ, ನಾನು ಒಂದು ಪುಟ ಬಿಟ್ಟೆ. ಎರಡು ಕೈಯೂ ಒಂದೇ ಕೆಲಸ ಮಾಡಿದವು.

ಇನ್ನೊಂದು ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಆದ ಎಷ್ಟೋ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅವುಗಳಲ್ಲಿ ಪುಟ ತಿರುಗಿಸುತ್ತಾ ಹೋದರೆ ಕೆಲವೊಮ್ಮೆ ಅಂಚಿನಲ್ಲಿ ಒಂದು ಹೆಬ್ಬೆರಳು ಕಾಣುತ್ತದೆ, ಹಾಳೆ ಮಡಿಚದಂತೆ ಒತ್ತಿ ಹಿಡಿದ ಬೆರಳು. ಯಾರೋ ದಿನಗೂಲಿಯ ಹುಡುಗನೋ ಹುಡುಗಿಯೋ, ದಿನಕ್ಕೆ ಎಷ್ಟು ಸಾವಿರ ಪುಟ ತಿರುಗಿಸಿದರೋ. ಯಾವ ಪುಟವನ್ನು ಬಿಡಬೇಕು ಎಂದು ಆ ಬೆರಳು ಯೋಚಿಸಲಿಲ್ಲ. ಸಿಕ್ಕಿದ ಪುಟವನ್ನೆಲ್ಲ ಬೆಳಕಿನ ಕೆಳಗೆ ಇಟ್ಟಿತು. ಮಕ್ಕಳಿಗೆ ನಾನು ಆ ಬೆರಳನ್ನು ತಪ್ಪದೆ ತೋರಿಸುತ್ತೇನೆ.

ನಾನು ಪುಟ ಬಿಟ್ಟ ಆ ವರ್ಷದ ಕೊನೆಯಲ್ಲಿ, ಪರೀಕ್ಷೆಗೆ ಮುಂಚೆ, ಒಂದು ಭಾನುವಾರ ಎಂಟು ಹತ್ತು ಮಕ್ಕಳೊಂದಿಗೆ ಕೆರೆಯ ಏರಿಗೆ ಹೋದೆ. ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿಗೆ ಆಸರೆಯಾದ, ಸಂಡೂರು ಬೆಟ್ಟಗಳ ಕಣಿವೆಯ ಬಾಯಿಗೆ ಕಟ್ಟಿದ ಆ ದೊಡ್ಡ ಒಡ್ಡೇ ಪಾಯಸ್ ಹೇಳುವ ಕೆರೆಯದು ಎಂದು ಸೀವೆಲ್ ಗುರುತಿಸಿದ್ದಾನೆ. 

ಊರವರು ಅದನ್ನು ರಾಯರ ಕೆರೆ ಎನ್ನುತ್ತಾರೆ. ಈಗ ಅಂಗಳದಲ್ಲಿ ನೀರಿಲ್ಲ, ಹೊಲಗಳಿವೆ. ಲಾರಿಗಳ ಧೂಳಿನ ನಡುವೆ ಮಕ್ಕಳು ಏರಿಯ ಉದ್ದಕ್ಕೂ ನಡೆದರು. ಒಬ್ಬ ಹೆಜ್ಜೆ ಎಣಿಸುತ್ತಿದ್ದ. ಗುಡಿಯ ಬಾಗಿಲು ಎಲ್ಲಿದ್ದಿರಬಹುದು ಎಂದು ಇಬ್ಬರು ಹುಡುಕಿದರು. ಒಬ್ಬ ಹುಡುಗ ಒಂಬತ್ತು ವರ್ಷ ಕಂದಾಯ ಬಿಟ್ಟ ಮಾತನ್ನು ನೆನಪಿಸಿ, ಇಷ್ಟು ನೆಲಕ್ಕೆ ನೀರು ಕೊಟ್ಟವರನ್ನು ಬರೀ ಕೊಲೆಗಾರ ಅನ್ನೋಕೆ ಆಗುತ್ತಾ ಸರ್ ಎಂದು ಕೇಳಿದ. ಆಗುವುದಿಲ್ಲ ಎಂದೆ. ಹಾಗಂತ ಅರವತ್ತು ಜನರನ್ನು ಆ ನೀರಿನಲ್ಲಿ ತೊಳೆದುಬಿಡೋಕೂ ಆಗೋದಿಲ್ಲ ಎಂದಳು ಹೊಸಪೇಟೆ ಕಡೆಯ ಹುಡುಗಿ. ಅವರಿಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ಜಗಳವಾಡುತ್ತಾ ಬಂದರು.

ಆ ಪುಟವನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಅವಳಿಗೆ ವಹಿಸಿದ್ದೆ. ಇಂಗ್ಲಿಷಿನ ಸಾದಾ ಪದ, ಅರವತ್ತು ‘ಮೆನ್’. ಅವಳು ಮೊದಲು ‘ಆಳು’ ಎಂದು ಬರೆದಿದ್ದಳು. ಆಳು ಅಂದರೆ ಕೂಲಿಯವನಾದ, ದಂಡಿನವನೂ ಆದ, ಪಾಯಸ್ ಹಾಗೆ ಹೇಳಿಲ್ಲ ಎಂದು ತಾನೇ ಹೊಡೆದು ಹಾಕಿದ್ದಳು. ಆಮೇಲೆ ‘ಗಂಡಸರು’. ನ್ಯೂನಿಜ್‌ನ ಕಥೆಯಲ್ಲಿ ಹೆಂಗಸರ ರಕ್ತವನ್ನೂ ಕೇಳಿದ್ದರಲ್ಲ ಎಂದು ಅದರ ಮೇಲೂ ಗೆರೆ. ‘ಅಪರಾಧಿಗಳು’ ಎಂದು ಯಾರೋ ಗೆಳತಿ ಪೆನ್ಸಿಲಿನಲ್ಲಿ ಬರೆದು ಕೊಟ್ಟದ್ದನ್ನು ರಬ್ಬರಿನಿಂದ ಉಜ್ಜಿದ ಗುರುತಿದೆ. ‘ಜನ’ ಎಂದು ಬರೆದು, ಮತ್ತೆ ಹೊಡೆದು, ಕೊನೆಗೆ ನಮ್ಮ ಸೀಮೆಯ ಮಾತಿಗೆ ಬಂದು ನಿಂತಿದ್ದಳು: ಅರವತ್ತು ಮಂದಿ. ಆ ನೋಟ್‌ಬುಕ್ಕು ನನ್ನ ಮೇಜಿನ ಮೇಲಿದೆ. ಮುಂದಿನ ಶನಿವಾರ ಬರುವ ಹೊಸ ಮಕ್ಕಳಿಗೆ ಪಾಯಸ್‌ನ ಪುಟಗಳ ಜೊತೆ ಅದನ್ನೂ ತೋರಿಸುತ್ತೇನೆ, ಗೆರೆ ಹೊಡೆದ ಪದಗಳು ಕಾಣುವ ಹಾಗೆ.